ಬ್ರೇಕ್ ನಿಪ್ಪಲ್ ಮುರಿದರೆ ಲೇತ್ ಅಂಗಡಿಗೆ ಹೋಗಿ

ಕೊಡಗಿನಲ್ಲಿ ಈಗ ಹೊಸ ಗೀಳೊಂದು ಶುರುವಾಗಿದೆ. ತೋಟದ ಮನೆಯ ಶೆಡ್ಡಿನಲ್ಲಿ ಜಾಕು, ಸಾಕೆಟ್ ಸೆಟ್ಟು, ಆನ್‌ಲೈನಲ್ಲಿ ತರಿಸಿದ, ಮುರಿದ ಸ್ಕ್ರೂ ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್ ಡಬ್ಬಿ. ಅಮೆರಿಕದವರ ವಿಡಿಯೋ ನೋಡಿಕೊಂಡು ಬ್ರೇಕನ್ನೂ ತಾವೇ ಬಿಚ್ಚುತ್ತಾರೆ. ನಾನು ಊರಿಗೆ ಬಂದರೆ ಸಾಕು, "ನೀವು ಅಲ್ಲಿ ಎಲ್ಲಾ ನೀವೇ ಮಾಡ್ಕೊಳ್ತೀರಲ್ವಾ?" ಅಂತ ಕೇಳುತ್ತಾರೆ. ಹೌದು, ಮಾಡಿಕೊಳ್ಳುತ್ತೇನೆ. ನಾನಿರೋದು ಅಮೆರಿಕದ ಒಹಾಯೊದಲ್ಲಿ. ಅಲ್ಲಿ ಗ್ಯಾರೇಜಿನ ಕೂಲಿ ಗಂಟೆಗೆ ನೂರು ಡಾಲರ್ ದಾಟುತ್ತದೆ. ಸೋಮವಾರಪೇಟೆಯಲ್ಲೇ ಉಳಿದಿದ್ದರೆ ಅರ್ಧ ಕೆಲಸಕ್ಕೆ ನಾನು ಪಾನಾ ಮುಟ್ಟುತ್ತಲೇ ಇರಲಿಲ್ಲ.

ಅದರಲ್ಲೂ ಬ್ಲೀಡರ್ ನಿಪ್ಪಲ್ ಮುರಿದಾಗ.

ಬ್ರೇಕ್ ಪೈಪಿನಿಂದ ಗಾಳಿ ತೆಗೆಯಲು ಪ್ರತಿ ಚಕ್ರದ ಹಿಂದೆ ಒಂದು ಸಣ್ಣ ಸ್ಕ್ರೂ ಇರುತ್ತದಲ್ಲ, ಅದೇ ಇದು. ಒಳಗೆ ಟೊಳ್ಳು, ತುದಿಯ ಹತ್ತಿರ ಅಡ್ಡಡ್ಡ ಒಂದು ತೂತು. ಬ್ರೇಕ್ ಆಯಿಲ್ ಆ ತೂತಿನಿಂದ ಬಂದು ಮೇಲೆ ಹೊರಗೆ ಹೋಗಬೇಕು. ಟೊಳ್ಳಾಗಿರೋದರಿಂದ ಗಟ್ಟಿಮುಟ್ಟಲ್ಲ. ಥ್ರೆಡ್ಡಿಗೆ, ಅಂದರೆ ಸ್ಕ್ರೂವಿನ ಸುರುಳಿ ಗೀರಿಗೆ, ತುಕ್ಕು ಹಿಡಿದರೆ ಇನ್ನೂ ಕಷ್ಟ. ಕಬ್ಬಿಣಕ್ಕಿಂತ ತುಕ್ಕಿಗೆ ಜಾಗ ಜಾಸ್ತಿ ಬೇಕು, ಅದು ಸಂದಿನಲ್ಲಿ ಉಬ್ಬಿ ಸ್ಕ್ರೂವನ್ನು ಕಚ್ಚಿಕೊಳ್ಳುತ್ತದೆ. ಪಾನಾ ಹಾಕಿ ಎಳೆದರೆ ತಲೆ ಕೈಗೆ ಬರುತ್ತದೆ, ಉಳಿದದ್ದು ಕ್ಯಾಲಿಪರಿನೊಳಗೇ, ಅಂದರೆ ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಅದುಮುವ ಭಾಗದೊಳಗೇ.

ಒಹಾಯೊದಲ್ಲಿ ಇದು ಸಾಮಾನ್ಯ. ಚಳಿಗಾಲ ಪೂರ್ತಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಕಾರಿನ ಅಡಿಯಲ್ಲಿ ಬಿಡದ ಜಾಗವಿಲ್ಲ. ಮುರಿದರೆ ಅಲ್ಲಿಯವರು ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಪಾರ್ಟ್ಸ್ ಅಂಗಡಿಗೆ ಹೋಗಿ ರಿಪೇರಿ ಮಾಡಿ ಹೊಸದರಂತೆ ಮಾಡಿದ ಕ್ಯಾಲಿಪರ್ ತರುತ್ತಾರೆ. ಹಳೆಯದನ್ನು ವಾಪಸ್ ಕೊಡುವವರೆಗೆ ಒಂದಿಷ್ಟು ಠೇವಣಿ ಇಟ್ಟುಕೊಳ್ಳುತ್ತಾರೆ, ಅಷ್ಟೇ. ಬೆರಳುದ್ದದ ಸ್ಕ್ರೂಗೋಸ್ಕರ ಇಡೀ ಕ್ಯಾಲಿಪರ್ ಬದಲು! ನೋಡಿದರೆ ಹೊಟ್ಟೆ ಉರಿಯುತ್ತದೆ. ಆದರೆ ಲೆಕ್ಕ ಹಾಕಿದರೆ ಅಲ್ಲಿ ಅದೇ ಅಗ್ಗ.

ಕೊಡಗಿನಲ್ಲಿ ಉಪ್ಪಿಲ್ಲ, ಮಳೆ ಇದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ತೋಟದ ಜೀಪಿನ ಚಕ್ರದ ಹಿಂದೆ ಕೆಂಪು ಕೆಸರು ಮೆತ್ತಿಕೊಂಡು ಅಲ್ಲೇ ಒಣಗುತ್ತದೆ, ಮತ್ತೆ ನೆನೆಯುತ್ತದೆ. ನಿಪ್ಪಲಿನ ಮೇಲಿನ ರಬ್ಬರ್ ಟೋಪಿ ಯಾವ ಕಾಲದಲ್ಲಿ ಬಿದ್ದುಹೋಯಿತೋ ಯಾರಿಗೂ ಗೊತ್ತಿರೋದಿಲ್ಲ. ನೀರು ಮೇಲಿನಿಂದ ಟೊಳ್ಳಿನೊಳಗೆ ಇಳಿದು ಒಳಗೂ ತುಕ್ಕು.

ಈ ಸಲ ಭಾವನ ಹಳೇ ಜೀಪಿನ ಮುಂದಿನ ಚಕ್ರದಲ್ಲಿ ಆಗಿದ್ದು ಇದೇ. ತಲೆ ತುಂಡಾಯಿತು. ಭಾವ ಎಕ್ಸ್‌ಟ್ರಾಕ್ಟರ್ ಡಬ್ಬಿ ತೆಗೆದರು. ನಾನು ಬೇಡ ಅಂದೆ. ಎಕ್ಸ್‌ಟ್ರಾಕ್ಟರ್ ಬಲು ಗಡಸು ಉಕ್ಕು, ಬಾಗೋದಿಲ್ಲ, ಪಟ್ ಅಂತ ಮುರಿಯುತ್ತದೆ. ಅದು ಒಳಗೆ ಮುರಿದರೆ ಆಮೇಲೆ ಸಾಮಾನ್ಯ ಡ್ರಿಲ್ಲಿನಿಂದ ಅದನ್ನು ಕೊರೆಯೋಕೇ ಆಗೋದಿಲ್ಲ. ಸುಮ್ನೆ ಬಿಟ್ಟಿದ್ದರೆ ಒಂದು ಕಷ್ಟ ಇರುತ್ತಿತ್ತು, ಈಗ ಎರಡು.

ಇಲ್ಲಿ ಒಂದು ಸಮಾಧಾನವೂ ಇದೆ, ವಿಡಿಯೋದವರು ಇದನ್ನು ಹೇಳೋದು ಕಡಿಮೆ. ನಿಪ್ಪಲಿನಲ್ಲಿ ಆಯಿಲ್ ತಡೆಯೋದು ಥ್ರೆಡ್ಡಲ್ಲ, ತುದಿಯ ಚೂಪು. ಅದು ಒಳಗಿನ ಸೀಟಿನ ಮೇಲೆ, ಅಂದರೆ ಆ ಚೂಪಿಗೆಂದೇ ಮಾಡಿದ ಕುಳಿಯಲ್ಲಿ, ಕೂತಿದ್ದರೆ ಸೋರುವುದಿಲ್ಲ. ಸ್ಕ್ರೂ ಅಲ್ಲಾಡದೆಯೇ ತಲೆ ಮಾತ್ರ ಮುರಿದಿದ್ದರೆ ಬ್ರೇಕು ಮೊದಲಿದ್ದ ಹಾಗೇ ಇರುತ್ತದೆ, ಗಾಳಿ ತೆಗೆಯೋಕೆ ಆಗೋದಿಲ್ಲ ಅಷ್ಟೇ. ಗಾಬರಿ ಬೇಡ. ಅರ್ಧ ಸುತ್ತು ತಿರುಗಿ ಆಮೇಲೆ ಮುರಿದಿದ್ದರೆ ಮಾತ್ರ ಗಾಡಿ ಒಂದಡಿ ಮುಂದೆ ಹೋಗಬಾರದು.

ನಮ್ಮದು ಸೋರುತ್ತಿರಲಿಲ್ಲ. ಆದರೂ ಕ್ಯಾಲಿಪರ್ ಬಿಚ್ಚಿಕೊಂಡು, ಬೇರೆ ಗಾಡಿಯಲ್ಲಿ ಸುಂಟಿಕೊಪ್ಪ ಕಡೆಯ, ಲೋಹದ ಕೆಲಸ ಮಾಡುವ ಒಂದು ಲೇತ್ ಅಂಗಡಿಗೆ ಹೋದೆವು. ಭಾವ "ಇಕ್ಕಾ, ಇದೊಂದು ನೋಡಿ" ಅಂತ ಲೇತಿನವರ ಕೈಗೆ ಕೊಟ್ಟರು. ಇಕ್ಕಾ ಅಂದರೆ ಅಣ್ಣ. ಅವರು ಅದನ್ನು ಬೆಳಕಿಗೆ ಹಿಡಿದು, "ಪಿಸ್ಟನ್ನು, ಸೀಲು ತೆಗ್ದಿದ್ದೀರಾ ಸಾರ್? ಆಯಿಲ್ ಇರೋದಕ್ಕೆ ನಾನು ಬೆಂಕಿ ಹಿಡಿಯಲ್ಲ" ಅಂದರು. ನನಗೆ ಅವರ ಮೇಲೆ ನಂಬಿಕೆ ಬಂದಿದ್ದು ಆ ಒಂದು ಮಾತಿಗೆ. ಬ್ರೇಕ್ ಆಯಿಲ್ ಬಿಸಿಗೆ ಹೊತ್ತಿಕೊಳ್ಳುತ್ತದೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹೊಡೆದು ಅದರ ಮೇಲೆ ಬೆಂಕಿ ಹಿಡಿದರಂತೂ ಫಾಸ್ಜೀನ್ ಅನ್ನೋ ವಿಷದ ಗಾಳಿ ಹುಟ್ಟುತ್ತದೆ. ಆಮೇಲೆ ಅಲ್ಲೇ ಕೂತು ಪಿಸ್ಟನ್ ತೆಗೆದು, ತೊಳೆದು, ಒಣಗಿಸಿದೆವು.

ಅವರ ಕೆಲಸ ನೋಡಬೇಕಿತ್ತು. ಮುರಿದ ತುಂಡಿನ ಮೇಲೆ ಒಂದು ನಟ್ಟಿಟ್ಟು, ನಟ್ಟಿನ ತೂತಿನೊಳಗೆ ವೆಲ್ಡಿಂಗ್ ತುಂಬಿದರು. ಕೆಂಪಗಾಗಿದ್ದು ತಾನಾಗೇ ಆರುವವರೆಗೆ ಒಂದು ಬೀಡಿ ಸೇದಿದರು. ಹಿಗ್ಗಿ ಕುಗ್ಗುವಾಗಲೇ ತುಕ್ಕಿನ ಹಿಡಿತ ಬಿಡುತ್ತದೆ, ಪಾನಾದ ಬಲದಿಂದಲ್ಲ. ಆಮೇಲೆ ರಿಂಗ್ ಪಾನಾ ಹಾಕಿ ಮೊದಲು ಬಿಗಿ ಮಾಡುವ ಕಡೆಗೆ ಕೂದಲಷ್ಟು, ಆಮೇಲೆ ಬಿಚ್ಚುವ ಕಡೆಗೆ ಕೂದಲಷ್ಟು. ಮತ್ತೆ ಅದೇ. ಕಿರ್ ಅಂತ ಒಂದು ಸದ್ದು ಬಂತು, ತುಂಡು ಸುತ್ತಿಕೊಂಡು ಹೊರಗೆ ಬಂತು. ಥ್ರೆಡ್ ಸರಿಮಾಡುವ ಟ್ಯಾಪ್ ಅನ್ನೋ ಸಾಧನವನ್ನು ಒಂದು ಸಲ ಒಳಗೆ ತಿರುಗಿಸಿ, ಸೀಟನ್ನು ಟಾರ್ಚ್ ಹಾಕಿ ನೋಡಿ ಕೊಟ್ಟರು. ಹೊಸ ಸೀಲ್ ಕಿಟ್ಟು, ಹೊಸ ನಿಪ್ಪಲ್ಲು ಸೇರಿ ಆದ ಖರ್ಚು ಒಹಾಯೊದಲ್ಲಿ ಇಬ್ಬರ ಊಟಕ್ಕೂ ಸಾಲದು. ಕ್ಯಾಲಿಪರ್ ಗುಜರಿಗೆ ಹೋಗಲಿಲ್ಲ.

ಇದಕ್ಕೇ ನಾನು ಹೇಳೋದು, ಇಂಥ ಕೈ ಅರ್ಧ ಗಂಟೆ ದೂರದಲ್ಲಿರುವಾಗ ಅಮೆರಿಕದ ಶನಿವಾರದ ಸಾಹಸ ಇಲ್ಲಿಗೆ ಯಾಕೆ? ನಾವು ಅಲ್ಲಿ ಒಬ್ಬರೇ ಕೆಳಗೆ ಮಲಗಿ ಒದ್ದಾಡೋದು ಬೇರೆ ದಾರಿಯಿಲ್ಲದೆ. ಸೋಮವಾರ ಬೆಳಿಗ್ಗೆ ಅದೇ ಕಾರಲ್ಲಿ ಆಫೀಸಿಗೆ ಹೋಗಬೇಕು, ಆ ಅವಸರಕ್ಕೇ ಎಷ್ಟೋ ನಿಪ್ಪಲ್ ಮುರಿಯುತ್ತವೆ.

ಹಾಗಂತ ಊರಿನ ಎಲ್ಲಾ ಪದ್ಧತಿಗೂ ನಾನು ಸೈ ಅನ್ನುವುದಿಲ್ಲ. "ಆ ಒಂದು ಚಕ್ರ ಬಿಡಿ, ಮೂರರಲ್ಲಿ ಗಾಳಿ ತೆಗೆದಾಯ್ತಲ್ಲ" ಅನ್ನುವವರಿದ್ದಾರೆ. ಇಲ್ಲವೇ ಪೈಪು ಕ್ಯಾಲಿಪರಿಗೆ ಸೇರುವ ಜೋಡಣೆ ಸಡಿಲಿಸಿ ಅಲ್ಲಿಂದ ಗಾಳಿ ತೆಗೆಯುತ್ತಾರೆ. ನಿಪ್ಪಲನ್ನು ಕ್ಯಾಲಿಪರಿನ ಮೇಲ್ತುದಿಗೆ ಇಟ್ಟಿರೋದೇ ಗಾಳಿ ಮೇಲಕ್ಕೆ ಏರುತ್ತದೆ ಅಂತ. ಅದಕ್ಕಿಂತ ಕೆಳಗಿನ ಜಾಗದಿಂದ ತೆಗೆದರೆ ಒಂದಿಷ್ಟು ಗಾಳಿ ಮೇಲೇ ಉಳಿಯುತ್ತದೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವವರು, ಭಾಗಮಂಡಲದಿಂದ ಕರಿಕೆ ಕಡೆಗೆ ಇಳಿಯುವವರು ಇಂಥ ಬ್ರೇಕ್ ನಂಬಿಕೊಂಡು ಹೋಗಬಾರದು.

ಆಯಿಲ್ ವಿಷಯದಲ್ಲಂತೂ ಒಹಾಯೊದವರ ಶಿಸ್ತೇ ನನಗೆ ಇಷ್ಟ. ಊರಲ್ಲಿ ಬ್ರೇಕ್ ಆಯಿಲ್ ಅಂದರೆ ಕಡಿಮೆಯಾದಾಗ ಮೇಲಿನಿಂದ ಹಾಕೋದು, ಅಷ್ಟೇ. ಶೆಡ್ಡಿನ ಹಲಗೆ ಮೇಲೆ ಅರ್ಧ ಖಾಲಿಯಾದ ಡಬ್ಬಿ, ಮುಚ್ಚಳ ಸಡಿಲ, ಹೊರಗೆ ಜುಲೈ ತಿಂಗಳ ಮಳೆ. ಈ ಆಯಿಲ್ ಗಾಳಿಯಲ್ಲಿರುವ ನೀರಿನಂಶ ಹೀರುತ್ತದೆ. ಡಾಟ್ 3 ಅನ್ನೋ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕಡಿಮೆ ಅಂದರೂ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನೋದು ನಿಯಮ. ನೀರು ಹೀರಿದ ಮೇಲೆ ಆ ಮಿತಿ 140. ಡಾಟ್ 4ಕ್ಕೆ 230 ಮತ್ತು 155. ಘಾಟಿ ಇಳಿಯುವಾಗ ಬ್ರೇಕ್ ಹಿಡಿದುಕೊಂಡೇ ಬಂದರೆ ಆ ಬಿಸಿಗೆ ಆಯಿಲ್ ಕುದಿದು ಆವಿಯಾಗುತ್ತದೆ, ಪೆಡಲ್ ನೆಲ ಮುಟ್ಟುತ್ತದೆ. ಪೈಪಿನೊಳಗೆ ತುಕ್ಕು ಹಿಡಿಸೋದೂ ಅದೇ ನೀರು.

ಹಾಗಾಗಿ ಮನೆಯಲ್ಲಿ ಮಾಡುವಂಥದ್ದು ಏನಾದರೂ ಇದ್ದರೆ ಅದು ಮುರಿಯುವ ಮೊದಲಿನ ಕೆಲಸ. ಕಾಫಿ ಕೊಯ್ಲು ಮುಗಿದು ಮಳೆ ಹಿಡಿಯುವ ಮೊದಲು, ಎರಡು ವರ್ಷಕ್ಕೊಮ್ಮೆಯಾದರೂ ಆಯಿಲ್ ಬದಲಿಸಿ. ಹಿಂದಿನ ದಿನವೇ ನಿಪ್ಪಲಿನ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಬಿಡಿ, ರಬ್ಬರಿಗೆ ತಾಗದ ಹಾಗೆ. ಆರು ಮೂಲೆಯ ಸಾಕೆಟ್ ಹಾಕಿ, ಹನ್ನೆರಡು ಮೂಲೆಯದು ತಲೆಯನ್ನು ಸವೆಸುತ್ತದೆ. ಬಿಚ್ಚುವ ಮೊದಲು ಟೊಳ್ಳಿನೊಳಗೆ ಸರಿಯಾಗಿ ಕೂರುವ ಡ್ರಿಲ್ ಬಿಟ್ಟಿನ ಹಿಂಭಾಗ ತೂರಿಸಿ ಸುತ್ತಿಗೆಯಿಂದ ಮೆತ್ತಗೆ ತಟ್ಟಿ. ಟೊಳ್ಳು ಸ್ಕ್ರೂ ಒಳಕ್ಕೆ ಕುಸಿಯದೆ ತುಕ್ಕು ಅದುರುತ್ತದೆ. ಬಿಗಿ ಮಾಡುವಾಗ ಬಲ ಬೇಡ, ಸಾಧಾರಣವಾಗಿ 10 ನ್ಯೂಟನ್ ಮೀಟರಿನ ಆಸುಪಾಸು ಸಾಕು, ಗಾಡಿಯ ಪುಸ್ತಕದಲ್ಲಿ ಇರುತ್ತದೆ.

ರಬ್ಬರ್ ಟೋಪಿ ಮರೆಯಬೇಡಿ. ನಿಮ್ಮ ಗಾಡಿಯ ಅಳತೆಯ ಎರಡು ನಿಪ್ಪಲ್ ತಂದು ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಳ್ಳಿ. ತರುವಾಗ ಹಳೆಯದನ್ನು ಜೊತೆಗೇ ಒಯ್ದು ಥ್ರೆಡ್ ಹೋಲಿಸಿ. ದಪ್ಪ ಒಂದೇ ಇದ್ದರೂ ಥ್ರೆಡ್ಡಿನ ಅಂತರ ಬೇರೆ ಇರುವುದುಂಟು, ಬಲವಂತವಾಗಿ ತಿರುಗಿಸಿದರೆ ಮತ್ತೆ ಇಕ್ಕಾನ ಹತ್ತಿರವೇ ಹೋಗಬೇಕು.