ಕಿವಿ ಸೋರೋದು ಅಂದ್ರೆ ಅಷ್ಟು ಹಗುರಾನಾ?

ಮಗು ಕಿವಿ ಸೋರ್ತಿದೆ ಅಂದ್ರೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡಿ, ದೊಡ್ಡವನಾದ್ಮೇಲೆ ತಾನಾಗೇ ನಿಲ್ಲತ್ತೆ ಅಂತ ಬುದ್ಧಿ ಹೇಳೋರನ್ನ ಕಂಡ್ರೆ ನಂಗೆ ಮೈಯೆಲ್ಲಾ ಉರಿಯತ್ತೆ. ನಾನು ನ್ಯೂರೋಸರ್ಜರಿ ಓಟಿ, ಅಂದ್ರೆ ಮೆದುಳಿನ ಆಪರೇಷನ್ ಥಿಯೇಟರ್ ನರ್ಸು, ಅದಕ್ಕೇ ಈ ಸಿಟ್ಟು. ವರ್ಷಗಟ್ಟಲೆ ಕಿವೀಲಿ ಕೀವು ನಿಂತ್ರೆ ಒಳಗಿನ ಮೂಳೆ ಸವೆದು ಸೋಂಕು ಮೆದುಳಿಗೇ ಹತ್ತಬಹುದು, ಅಲ್ಲಿ ಕೀವುಗಡ್ಡೆ ಕಟ್ಟತ್ತೆ. ಸೈನಸ್ಸಿಂದ್ಲೂ ಬರತ್ತೆ, ಹುಟ್ಟಿನಿಂದ್ಲೇ ಹಾರ್ಟ್ ತೊಂದರೆ ಇದ್ದು ತುಟಿ ಉಗುರು ನೀಲಿಯಾಗೋ ಮಕ್ಕಳಿಗೂ ಬರತ್ತೆ. ಎಷ್ಟೋ ಜನಕ್ಕೆ ಜ್ವರಾನೇ ಇರಲ್ಲ, ತಲೆನೋವು ವಾಂತಿಗೆ ಗ್ಯಾಸ್ಟ್ರಿಕ್ ಮಾತ್ರೆ ನುಂಗ್ಕೊಂಡು ಇರ್ತಾರೆ, ಫಿಟ್ಸ್ ಬಂದ್ಮೇಲೇ ಸ್ಕ್ಯಾನು.

ಆಮೇಲೆ ಶುರುವಾಗತ್ತೆ ನೋಡಿ, "ಸಿಸ್ಟರ್, ತಲೆ ಓಪನ್ ಮಾಡೋದು ಬೇಡ, ಇಂಜೆಕ್ಷನ್ನಲ್ಲೇ ಕರಗಿಸೋಕಾಗಲ್ವಾ?" ಚಿಕ್ಕದಿದ್ರೆ ಆಗತ್ತೆ. ಸುಮಾರು 2.5 ಸೆಂಟಿಮೀಟರ್ ದಾಟಿದ್ರೆ ಸಾಮಾನ್ಯವಾಗಿ ತೆಗೀಲೇಬೇಕು, ಯಾಕಂದ್ರೆ ಕೀವಿನ ಸುತ್ತ ದಪ್ಪ ಪೊರೆ ಕಟ್ಟಿರತ್ತೆ, ಔಷಧಿ ಒಳಗೆ ಸರಿಯಾಗಿ ಇಳಿಯಲ್ಲ, ಅದು ಮೆದುಳೊಳಗೇ ಒಡೆದ್ರೆ ಜೀವ ಉಳಿಸೋದೇ ಕಷ್ಟ. ಮತ್ತೆ ಎಲ್ಲರಿಗೂ ಬುರುಡೆ ತೆಗೆಯಲ್ಲ ಮಾರಾಯ್ರೇ! ಎಷ್ಟೋ ಕೇಸಲ್ಲಿ ಒಂದು ಬರ್ ಹೋಲ್ ಅಷ್ಟೇ, ಅಂದ್ರೆ ಬುರುಡೇಲಿ ಸಣ್ಣ ತೂತು, ಸ್ಕ್ಯಾನ್ ಲೆಕ್ಕದಲ್ಲಿ ಸೂಜಿ ಇಳಿಸಿ ಕೀವು ಎಳೀತಾರೆ. ಹಳದಿ ಹಸಿರು ಗಟ್ಟಿ ಕೀವು ಸಿರಿಂಜಿಗೆ ಏರ್ತಾ ಇದ್ರೆ ಮಾಸ್ಕ್ ಒಳಗೂ ವಾಸನೆ ಹೊಡೆಯತ್ತೆ, ಕಿವಿಯಿಂದ ಹೋಗಿದ್ದಾದ್ರಂತೂ ಕೇಳ್ಲೇಬೇಡಿ. ಅದನ್ನ ಅಲ್ಲಿಂದ್ಲೇ ಕಲ್ಚರ್‌ಗೆ ಕಳಿಸ್ತೀವಿ, ಯಾವ ಕ್ರಿಮಿ, ಯಾವ ಆಂಟಿಬಯೋಟಿಕ್ ಕೊಡ್ಬೇಕು ಅಂತ ಗೊತ್ತಾಗೋಕೆ.

ಈ ಹೆದರಿಕೆ ಇವತ್ತಿನದಲ್ಲ ಬಿಡಿ. 1876ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದ ಸರ್ಜನ್ ವಿಲಿಯಂ ಮೆಕ್‌ಯೂವನ್, ಎಕ್ಸ್‌ರೇನೂ ಇಲ್ಲದ ಕಾಲದಲ್ಲಿ, ಬರೀ ಲಕ್ಷಣ ನೋಡಿ ಒಬ್ಬ ಹುಡುಗನ ಮೆದುಳಲ್ಲಿ ಇಂಥಾ ಕಡೆ ಕೀವಿದೆ ಅಂದ್ರು. ಆಪರೇಷನ್‌ಗೆ ಒಪ್ಪಿಗೆ ಸಿಗಲಿಲ್ಲ, ಹುಡುಗ ತೀರಿಕೊಂಡ, ಆಮೇಲೆ ನೋಡಿದ್ರೆ ಹೇಳಿದ ಜಾಗದಲ್ಲೇ ಕೀವಿತ್ತು. 1893ರಲ್ಲಿ ಅವರು ಪುಸ್ತಕ ತರೋ ಹೊತ್ತಿಗೆ ಇಂಥ ಕೀವುಗಡ್ಡೆಗೆ ಆಪರೇಷನ್ ಮಾಡಿದ 19 ಜನರಲ್ಲಿ 18 ಜನ ಬದುಕಿದ್ರು, ಆಂಟಿಬಯೋಟಿಕ್ ಅನ್ನೋದು ಆಗ ಹುಟ್ಟೇ ಇರ್ಲಿಲ್ಲ!

ಈಗ ಎಲ್ಲಾ ಇದೆ, ತಾಳ್ಮೆ ಇಲ್ಲ. ಕೀವು ತೆಗೆದ್ಮೇಲೂ ಸಾಮಾನ್ಯವಾಗಿ 6ರಿಂದ 8 ವಾರ ಆಂಟಿಬಯೋಟಿಕ್ ಬೇಕು, ತಲೆನೋವು ನಿಂತಿತು ಅಂತ ಎರಡನೇ ವಾರಕ್ಕೇ ಡಿಸ್ಚಾರ್ಜ್ ಕೇಳ್ತಾರೆ. ದುಡ್ಡಿನ ತಾಪತ್ರಯ ನಂಗೂ ಅರ್ಥ ಆಗತ್ತೆ, ಆದ್ರೆ ಅರ್ಧಕ್ಕೆ ಬಿಟ್ಟು ಕೀವು ಮತ್ತೆ ತುಂಬಿದ್ರೆ ಇನ್ನೊಂದ್ಸಲ ಓಟಿ, ಇನ್ನೊಂದು ಬಿಲ್ಲು. ಕೈಲಾಗ್ತಿಲ್ಲ ಅಂದ್ರೆ ರೌಂಡ್ಸಲ್ಲಿ ಡಾಕ್ಟ್ರಿಗೆ ಬಾಯಿಬಿಟ್ಟು ಹೇಳಿ, ಬಿಪಿಎಲ್ ಕಾರ್ಡ್ ಇದ್ರೆ ಸರ್ಕಾರಿ ಸ್ಕೀಮಲ್ಲಿ ಏನಾದ್ರೂ ಆಗತ್ತಾ ಅಂತ ಕೌಂಟರಲ್ಲಿ ವಿಚಾರಿಸಿ, ಹೇಳ್ದೆ ಕೇಳ್ದೆ ಎದ್ದು ಹೋಗ್ಬೇಡಿ.