ಒಂದೇ ಟಿಕೆಟ್‌ಗೆ ಏಳು ನರಕ

ಜಪಾನಿನ ಬೆಪ್ಪು ಎಂಬ ಊರಿನಲ್ಲಿ ಏಳು ನರಕಗಳಿವೆ. ಏಳಕ್ಕೂ ಸೇರಿಸಿ ಒಂದೇ ಟಿಕೆಟ್ ಸಿಗುತ್ತದೆ. ಊರಿನ ಹೆಸರು ಕೇಳಿ ನಗುವವರು ಈಗಲೇ ನಕ್ಕು ಮುಗಿಸಿಬಿಡಿ. ವೀಸಾ ಬಂದ ದಿನದಿಂದ ನಮ್ಮ ಮನೆಯಲ್ಲಿ ಆ ನಗು ನಿಂತೇ ಇರಲಿಲ್ಲ.

ಊರು ಇರುವುದು ಕ್ಯೂಶೂ ದ್ವೀಪದ ಪೂರ್ವ ಕರಾವಳಿಯಲ್ಲಿ. ಮುಂದೆ ಸಮುದ್ರ, ಬೆನ್ನಿಗೆ ತ್ಸುರುಮಿ ಬೆಟ್ಟ. ನಡುವಿನ ನೆಲದಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಕಡೆ ಬಿಸಿನೀರು ಉಕ್ಕುತ್ತದೆ. ಚರಂಡಿ ಮುಚ್ಚಳದ ಸಂದಿಯಿಂದ ಆವಿ, ಹಿತ್ತಲಿನ ಪೈಪಿನಿಂದ ಆವಿ. ಬೆಟ್ಟದ ಮೇಲಿಂದ ನೋಡಿದರೆ ಇಡೀ ಊರು ಮದುವೆ ಛತ್ರದ ಅಡುಗೆಮನೆಯ ಹಾಗೆ ಕಾಣುತ್ತದೆ.

ಊರಿನ ಮೇಲ್ಗಡೆಯ ಒಂದು ಗುಡ್ಡದಲ್ಲಿ ರಿತ್ಸುಮೇಕಾನ್ ಏಷ್ಯಾ ಪೆಸಿಫಿಕ್ ವಿಶ್ವವಿದ್ಯಾಲಯ ಇದೆ. 2000ರಲ್ಲಿ ಶುರುವಾದದ್ದು. ವಿದ್ಯಾರ್ಥಿಗಳಲ್ಲಿ ಸುಮಾರು ಅರ್ಧ ಜನ ಹೊರದೇಶದವರು. ಅವರಲ್ಲಿ ನನ್ನ ಮೈದುನನ ಮಗನೂ ಒಬ್ಬ. ಅವನ ಕರೆಗೆ ಓಗೊಟ್ಟು ಹೊರಟವರು ನಾನು, ನಮ್ಮ ಯಜಮಾನ್ರು, ಮತ್ತು ಎಪ್ಪತ್ತು ದಾಟಿದ ನಮ್ಮ ಅತ್ತೆ.

ಅನಾಹುತ ರೈಲ್ವೆ ಸ್ಟೇಷನ್ನಿನ ಎದುರಿಗೇ ಶುರುವಾಯಿತು. ಅಲ್ಲಿ ಅಬುರಾಯಾ ಕುಮಾಹಾಚಿ ಎಂಬುವರ ಪ್ರತಿಮೆ ಇದೆ. ಬೋಳು ತಲೆ, ಎರಡೂ ಕೈ ಮೇಲೆ, ಒಂದು ಕಾಲೂ ಮೇಲೆ, ಹಿಂದೆ ಹಾರುವ ಮೇಲಂಗಿಗೆ ಜೋತುಬಿದ್ದ ಒಂದು ಮರಿ ರಾಕ್ಷಸ. ಬೆಪ್ಪುವನ್ನು ಪ್ರವಾಸಿಗರ ಊರು ಮಾಡಿದ್ದೇ ಈ ಮಹಾನುಭಾವ. ಬೆಟ್ಟ ಅಂದ್ರೆ ಫುಜಿ, ಸಮುದ್ರ ಅಂದ್ರೆ ಸೆತೊ, ಬಿಸಿನೀರು ಅಂದ್ರೆ ಬೆಪ್ಪು ಎಂದು ಬರೆಸಿ, ಆ ಹಲಗೆಯನ್ನು ಫುಜಿ ಬೆಟ್ಟದಲ್ಲೇ ನೆಡಿಸಿದ ಆಸಾಮಿ. ಬೇರೆಯವರ ಮನೆ ಜಗುಲಿಯಲ್ಲಿ ನಮ್ಮ ಅಂಗಡಿ ಬೋರ್ಡು! 1928ರಲ್ಲಿ ನರಕ, ಅಂದ್ರೆ ಇಲ್ಲಿನ ಕುದಿಯುವ ಬುಗ್ಗೆಗಳನ್ನು ತೋರಿಸುವ ಬಸ್ ಬಿಟ್ಟು, ಜಪಾನಿನಲ್ಲೇ ಮೊದಲ ಬಾರಿಗೆ ಹೆಣ್ಣುಮಕ್ಕಳನ್ನು ಗೈಡ್ ಮಾಡಿದ್ದೂ ಇವರೇ.

ಇಷ್ಟನ್ನು ಹುಡುಗ ವಿವರಿಸುವಷ್ಟರಲ್ಲಿ ಯಜಮಾನ್ರು ಪ್ರತಿಮೆಯ ಪಕ್ಕ ನಿಂತು ಕೈ ಎತ್ತಿ, ಕಾಲೂ ಎತ್ತಿ, "ಹೊಡಿ ಫೋಟೋ" ಅಂದರು. ಫೋಟೋ ಚೆನ್ನಾಗಿಯೇ ಬಂದಿದೆ. ಕಾಲು ಇಳಿಸುವಾಗ ಸೊಂಟ ಹಿಡಿದುಕೊಂಡಿತು.

"ಚಿಂತೆ ಬೇಡ ದೊಡ್ಡಪ್ಪ, ಇಲ್ಲಿ ಸೊಂಟಕ್ಕೆ ಮದ್ದು ನೆಲದಲ್ಲೇ ಇದೆ" ಎಂದ ಹುಡುಗ.

ರಾತ್ರಿ ಹೋಟೆಲಿನ ಸ್ನಾನದ ಕೊಳ. ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ. ಒಳಗೆ ಮಾತ್ರ ಮೈಮೇಲೆ ಒಂದು ನೂಲೂ ಇರಬಾರದು. ಕೈಯಲ್ಲಿ ಕರ್ಚೀಫಿಗಿಂತ ಸ್ವಲ್ಪ ದೊಡ್ಡ ಟವೆಲ್ ಕೊಡುತ್ತಾರೆ. ಎಲ್ಲಿಗೆಂದು ಅಡ್ಡ ಹಿಡಿಯುವುದು? ಅದನ್ನೂ ನೀರಿಗೆ ಅದ್ದುವಂತಿಲ್ಲ, ತಲೆ ಮೇಲೆ ಇಟ್ಟುಕೊಳ್ಳಬೇಕು. ಅತ್ತೆಗೆ ಇದನ್ನೆಲ್ಲ ಹೇಗೆ ಒಪ್ಪಿಸುವುದೆಂದು ವಿಮಾನದಲ್ಲೇ ನಾನು ತಲೆ ಕೆಡಿಸಿಕೊಂಡಿದ್ದೆ. ನಾನಿನ್ನೂ ಸೇಫ್ಟಿ ಪಿನ್ ತೆಗೆಯುತ್ತಾ ನಿಂತಿದ್ದೇನೆ, ಅತ್ತೆ ಆಗಲೇ ಒಳಗೆ! ತೀರ್ಥಹಳ್ಳಿಯಲ್ಲಿ ಹುಟ್ಟಿ, ತುಂಗೆಯಲ್ಲಿ ಮುಳುಗೆದ್ದವರು. ನೀರಿಗೆ ಇಳಿಯುವ ಮುನ್ನ ಎಲ್ಲರೂ ಪುಟ್ಟ ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ಮೈ ತೊಳೆಯುವುದನ್ನು ನೋಡಿ, "ನೋಡು, ಇದಪ್ಪಾ ಮಡಿ" ಎಂದು ತೀರ್ಪು ಕೊಟ್ಟರು.

ನನ್ನ ಕನ್ನಡಕದ ಮೇಲೆ ಆವಿ ಕೂತು ಏನೂ ಕಾಣದಾಯಿತು. ನನಗೆ ಯಾರೂ ಕಾಣದಿದ್ದರೆ ನಾನೂ ಯಾರಿಗೂ ಕಾಣುವುದಿಲ್ಲ ಎಂಬ ಧೈರ್ಯದಲ್ಲಿ ನೀರಿಗಿಳಿದೆ. ಇಳಿದವಳು ಅಷ್ಟೇ ಬೇಗ ಎದ್ದೆ. ಎಂಥಾ ಬಿಸಿ! ಅತ್ತೆ ಕುತ್ತಿಗೆವರೆಗೂ ಮುಳುಗಿ, ತಲೆ ಮೇಲೆ ಟವೆಲ್ ಇಟ್ಟುಕೊಂಡು, ಅವರದೇ ವಯಸ್ಸಿನ ಜಪಾನಿ ಅಜ್ಜಿಯ ಜೊತೆ ಮಾತಿಗಿಳಿದಿದ್ದರು. ಇವರದ್ದು ಕನ್ನಡ, ಅವರದ್ದು ಜಪಾನಿ. ಆಗಾಗ ಇಬ್ಬರೂ ನನ್ನ ಕಡೆ ನೋಡಿ ತಲೆಯಾಡಿಸುತ್ತಿದ್ದರು. ಸೊಸೆಯಂದಿರ ವಿಷಯವೇ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಬೆಳಿಗ್ಗೆ ಯಜಮಾನ್ರು ನರಳುತ್ತಲೇ ಹೋಟೆಲ್ ಕೊಟ್ಟ ಯುಕಾತಾ ತೊಟ್ಟು ಕೆಳಗೆ ಬಂದರು. ಹತ್ತಿಯ ನಿಲುವಂಗಿ ಅದು, ಮೇಲೊಂದು ಸೊಂಟಪಟ್ಟಿ. ಕೌಂಟರಿನ ಹೆಂಗಸು ಇವರನ್ನು ನೋಡಿದ್ದೇ ಬಾಯಿ ಮುಚ್ಚಿಕೊಂಡು ಓಡಿಬಂದರು. ಎಡಗಡೆಯ ಅಂಚು ಮೇಲೆ ಬರಬೇಕಂತೆ. ಬಲಗಡೆಯದು ಮೇಲೆ ಬಂದರೆ ಅದು ಹೆಣಕ್ಕೆ ತೊಡಿಸುವ ಕ್ರಮ. ನೂರು ಸಲ ಬಗ್ಗಿ ಕ್ಷಮೆ ಕೇಳುತ್ತಾ, ಆಕೆಯೇ ಪಟ್ಟಿ ಬಿಚ್ಚಿ ಸರಿಯಾಗಿ ಕಟ್ಟಿಕೊಟ್ಟರು. "ಬದುಕಿಸಿದಳು ಪುಣ್ಯಾತ್ಗಿತ್ತಿ" ಎಂದರು ಅತ್ತೆ.

ಬದುಕಿದವರನ್ನು ಅರ್ಧ ಗಂಟೆಯೊಳಗೆ ಹೂತೂ ಆಯಿತು. ಹುಡುಗ ಹೇಳಿದ ಮದ್ದು ಇದೇ, ತಾಕೆಗವಾರಾದ ಮರಳು ಸ್ನಾನ. ಬಿಸಿನೀರಿನ ಆ ಜಾಗ 1879ರದ್ದು, ಈಗಿರುವ ಮರದ ಕಟ್ಟಡ 1938ರದ್ದು. ಬಾಗಿದ ಹೆಂಚಿನ ಮಾಡು ನೋಡಿ ಅತ್ತೆ ದೇವಸ್ಥಾನವೆಂದು ಕೈ ಮುಗಿದರು. ಒಳಗೆ ಅವರು ಕೊಡುವ ಯುಕಾತಾ ತೊಟ್ಟು ಮಲಗಬೇಕು. ಸಲಿಕೆ ಹಿಡಿದ ಹೆಂಗಸರು ಬಂದು ಬಿಸಿ ಮರಳು ಎಳೆದು ಕುತ್ತಿಗೆವರೆಗೂ ಮುಚ್ಚುತ್ತಾರೆ. ಆ ಭಾರ, ಆ ಕಾವು, ನಿಜಕ್ಕೂ ಸುಖ. ಎರಡು ನಿಮಿಷ ಆಗಿತ್ತೋ ಇಲ್ಲವೋ, ಪಕ್ಕದಿಂದ ದನಿ ಬಂತು.

"ಲೇ, ಮೂಗು ಕೆರಿ."

"ನನ್ನ ಕೈನೂ ಮರಳಲ್ಲೇ ಇದೆ."

"ಜೋರಾಗಿ ಊದು ಹಾಗಾದ್ರೆ."

ಊದಿದೆ. ಮರಳು ಹಾರಿ ಕಣ್ಣಿಗೆ ಬಿತ್ತು. ಗಲಾಟೆ ಕೇಳಿ ಒಬ್ಬಾಕೆ ಬಂದು ಅವರ ಹಣೆ, ಕಣ್ಣು, ಕೆನ್ನೆ ಎಲ್ಲ ಅಕ್ಕರೆಯಿಂದ ಒರೆಸಿ ಹೋದರು. ಮೂಗೊಂದನ್ನು ಬಿಟ್ಟು. ಎದ್ದಾಗ ಸೊಂಟ ಬಿಟ್ಟಿತ್ತು, ಅದನ್ನು ಒಪ್ಪಬೇಕು.

ಹೆಣದ ಉಡುಪು, ಆಮೇಲೆ ಮಣ್ಣು, ಇನ್ನುಳಿದದ್ದು ನರಕ. ಬಸ್ ಹತ್ತಿ ಕನ್ನಾವಾಕ್ಕೆ ಹೋದೆವು. ಏಳರಲ್ಲಿ ಐದು ಅಲ್ಲೇ ಇವೆ. ಕುದಿಯುವ ನೀರು, ಕೆಸರು ಉಗುಳುವ ಈ ನೆಲಕ್ಕೆ ಹಿಂದಿನ ಕಾಲದಲ್ಲಿ ಜನ ಕಾಲಿಡುತ್ತಿರಲಿಲ್ಲವಂತೆ. ಈಗ ಕಾಲಿಡಲು ಜಾಗವಿಲ್ಲ, ಅಷ್ಟು ಜನ. ಉಮಿ ನರಕದ ನೀರು ಎಷ್ಟು ಚೆಂದದ ನೀಲಿಯೆಂದರೆ ಇಳಿದುಬಿಡೋಣ ಅನಿಸುತ್ತದೆ. ಬಿಸಿ 98 ಡಿಗ್ರಿ! ಓನಿಯಾಮಾ ನರಕದಲ್ಲಿ ಆ ಬಿಸಿನೀರಿನ ಕಾವಿನಿಂದಲೇ 1923ರಿಂದ ಮೊಸಳೆ ಸಾಕಿದ್ದಾರೆ.

ಊಟಕ್ಕೆ ಕೂತದ್ದೂ ನರಕದ ಆವಿಯ ಮುಂದೆಯೇ. ಬಾಡಿಗೆಗೆ ಒಂದು ಒಲೆ ಕೊಡುತ್ತಾರೆ, ಬೆಂಕಿ ಇಲ್ಲ, ನೆಲದಿಂದ ಬರುವ ಆವಿ ಅಷ್ಟೇ. ಬುಟ್ಟಿಯಲ್ಲಿ ಗೆಣಸು, ಕುಂಬಳ, ಜೋಳದ ತೆನೆ ಇಟ್ಟು ಮುಚ್ಚಿದೆವು. ಅತ್ತೆ ಚೀಲದಿಂದ ಚಟ್ನಿಪುಡಿ, ತುಪ್ಪ ತೆಗೆದು ಸಿದ್ಧರಾದರು. ಗಂಟೆ ಹೊಡೆಯಿತು. ಯಜಮಾನ್ರು ಉದ್ದನೆಯ ಕೈಗವಸು ತೊಟ್ಟು ಹೋಗಿ, ಆವಿಯೊಳಗೆ ಕೈ ಹಾಕಿ ಬುಟ್ಟಿ ತಂದಿಟ್ಟರು. ಬುಟ್ಟಿಯಲ್ಲಿ ಏಡಿ! ಪಕ್ಕದ ಒಲೆಯವರದು. ಆ ದಂಪತಿ ನಮ್ಮ ಬುಟ್ಟಿಯ ಗೆಣಸು ನೋಡಿ ಅಷ್ಟೇ ಕಂಗಾಲಾಗಿ ನಿಂತಿದ್ದರು. ಬುಟ್ಟಿಗಳು ಅದಲುಬದಲಾದವು. ಅತ್ತೆ ಅವರ ತಟ್ಟೆಗೂ ಒಂದು ಚಮಚ ಚಟ್ನಿಪುಡಿ ಹಾಕಿದರು. ಏಡಿಗೆ ಅದು ಹೊಂದಿತೋ ಇಲ್ಲವೋ, ಮತ್ತೊಂದು ಚಮಚ ಕೇಳಿದರು.

ಉಳಿದ ಎರಡು ನರಕಗಳು ಸ್ವಲ್ಪ ದೂರ. ಚಿನೊಇಕೆಯ ನೀರು ಕಬ್ಬಿಣದ ಅಂಶದಿಂದ ರಕ್ತಗೆಂಪು. ಅತ್ತೆ ಕಟಕಟೆ ಹಿಡಿದು ನಿಂತುಬಿಟ್ಟರು. "ಇದೇ ಕಣೇ ವೈತರಣಿ. ನಿಮ್ಮ ಮಾವನಿಗೆ ದಾಟಿಸೋಕೆ ಗೋದಾನ ಕೊಟ್ಟಿದ್ವಿ. ಇಲ್ಲಿ ಟಿಕೆಟ್ ಸಾಕಂತೆ." ವೈತರಣಿಯ ಕೆಂಪು ಮಣ್ಣಿನಿಂದ ಚರ್ಮಕ್ಕೆ ಹಚ್ಚುವ ಮುಲಾಮು ಮಾಡಿ ಪಕ್ಕದಲ್ಲೇ ಮಾರುತ್ತಾರೆ. ಯಜಮಾನ್ರು ಆ ಅಂಗಡಿಗೆ ನುಗ್ಗಿದರು.

ನಾವು ಕೊನೆಯ ನರಕಕ್ಕೆ ಹೋಗಿ ಮೆಟ್ಟಿಲ ಮೇಲೆ ಕೂತೆವು. ತಾತ್ಸುಮಾಕಿಯಲ್ಲಿ ಮೂವತ್ತು ನಲವತ್ತು ನಿಮಿಷಕ್ಕೊಮ್ಮೆ ಬಿಸಿನೀರು ಚಿಮ್ಮುತ್ತದೆ. ಎಷ್ಟು ರಭಸ ಅಂದ್ರೆ, ಜಾಸ್ತಿ ಮೇಲೆ ಹಾರದಿರಲಿ ಎಂದು ಕಲ್ಲಿನ ಚಾವಣಿಯನ್ನೇ ಕಟ್ಟಿದ್ದಾರೆ. ನಾವು ಕೂತಿದ್ದೇ ಚಿಮ್ಮಿತು. ಜನ ಹೋ ಎಂದರು. ನೀರು ಪೂರ್ತಿ ಇಳಿದು, ಜನ ಎದ್ದುಹೋದ ಮೇಲೆ ಮುಲಾಮಿನ ಡಬ್ಬಿ ಹಿಡಿದು ಯಜಮಾನ್ರು ಬಂದರು. "ಶುರುವಾಯ್ತಾ?"

ಸರಿ, ಅವರಿಗಾಗಿ ಮತ್ತೆ ಕಾದೆವು. ಎರಡನೇ ಸಲ ಚಿಮ್ಮಿದಾಗ ಅವರು ಮುಂದಿನ ಸಾಲಿನಲ್ಲೇ ಇದ್ದರು, ಗೊರಕೆ ಹೊಡೆಯುತ್ತಾ. ಹುಡುಗ ಅಲುಗಾಡಿಸಲು ಕೈ ಚಾಚಿದ.

"ಬೇಡ, ಮಲ್ಕೊಳ್ಳಲಿ ಬಿಡೋ" ಎಂದರು ಅತ್ತೆ. "ಎದ್ದರೆ ಇನ್ನೇನಾದ್ರೂ ಮಾಡ್ತಾನೆ."