ಆ ಬಾಣ ಎಷ್ಟು ಉದ್ದ ಸ್ವಾಮಿ?

ಬೆಳಿಗ್ಗೆ ಎದ್ದು ಮೊಬೈಲ್ ತೆಗೆದರೆ ನಮ್ಮ ಸಂಶೋಧನಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಣ್ಣಬಣ್ಣದ ಒಂದು ಚಾರ್ಟ್. ‘ಸಂವಹನದಲ್ಲಿ ಪಿಎಚ್‌ಡಿ: ಏಳು ಸರಳ ಹಂತಗಳು’. ಪ್ರವೇಶ, ಕೋರ್ಸ್‌ವರ್ಕ್, ಸಿನಾಪ್ಸಿಸ್ (ಸಂಶೋಧನೆಯ ರೂಪುರೇಷೆ), ಮಾಹಿತಿ ಸಂಗ್ರಹ, ಬರವಣಿಗೆ, ಥೀಸಿಸ್ ಸಲ್ಲಿಕೆ, ವೈವಾ (ಮೌಖಿಕ ಪರೀಕ್ಷೆ). ಏಳು ಚೌಕ, ನಡುವೆ ಆರು ಬಾಣ, ಕೊನೇ ಚೌಕದ ಮೇಲೆ ಗಾಳಿಯಲ್ಲಿ ಹಾರುವ ಕಪ್ಪು ಟೋಪಿ. ಕೆಳಗೆ ಲೈಕುಗಳ ಸುರಿಮಳೆ. ನಾನೂ ಒಂದು ಒತ್ತಿ, ಆಮೇಲೆ ವಾಪಸ್ ತಗೊಂಡೆ.

‘ಸರಳ’ ಅಂದದ್ದಕ್ಕೆ ನನಗೆ ಅಷ್ಟು ಸಿಟ್ಟಿಲ್ಲ. ಸಿಟ್ಟೆಲ್ಲ ಬಾಣಗಳ ಮೇಲೆ. ಆರಕ್ಕೆ ಆರೂ ಒಂದೇ ಅಳತೆ, ಎಲ್ಲವೂ ಎಡದಿಂದ ಬಲಕ್ಕೆ. ಒಂದಾದರೂ ಹಿಂದಕ್ಕೆ ತಿರುಗಬೇಡವೇ? ನಾನು ಐದನೇ ವರ್ಷದಲ್ಲಿದ್ದೇನೆ ಅನ್ನೋದು ನಿಮಗೆಲ್ಲ ಗೊತ್ತೇ ಇದೆ (ಕೆಲವರು ಮದುವೆಮನೆಗಳಲ್ಲಿ ತಪ್ಪದೆ ನೆನಪಿಸುತ್ತೀರಿ, ಧನ್ಯವಾದ). ನನ್ನ ಬಾಣಗಳ ಮೂತಿ ಇರುವುದೇ ಹಿಂದಕ್ಕೆ.

ತಮಾಷೆ ನೋಡಿ, ಈ ತಪ್ಪು ಮಾಡಿದವರು ಸಂವಹನ ಓದಿದವರು! 1948ರಲ್ಲಿ ಕ್ಲಾಡ್ ಶ್ಯಾನನ್ ಬರೆದ ಆ ಪ್ರಸಿದ್ಧ ಚಿತ್ರ ನೆನಪಿದೆಯಲ್ಲ? ಮೂಲದಿಂದ ಹೊರಟ ಸಂದೇಶ ಪ್ರೇಷಕ, ವಾಹಿನಿ, ಗ್ರಾಹಕ ಎಲ್ಲ ದಾಟಿ ನೆಟ್ಟಗೆ ಗುರಿ ಸೇರುತ್ತದೆ. ಪಾಪ, ಆ ಮನುಷ್ಯ ಬೆಲ್ ಲ್ಯಾಬ್ಸ್‌ನಲ್ಲಿದ್ದ ಗಣಿತಜ್ಞ. ಅವನಿಗೆ ಬೇಕಾಗಿದ್ದದ್ದು ಸಿಗ್ನಲ್ಲಿನ ಲೆಕ್ಕ. ಆದರೂ ಅವನು ದಾರಿಯಲ್ಲಿ ಸಂದೇಶ ಕೆಡಿಸುವ ‘ಗದ್ದಲ’ಕ್ಕೆ ಒಂದು ಚೌಕ ಬಿಟ್ಟಿದ್ದ. 1954ರ ಹೊತ್ತಿಗೆ ಸಂವಹನ ವಿದ್ವಾಂಸ ವಿಲ್ಬರ್ ಶ್ರಾಮ್ ಆ ನೇರ ಗೆರೆಯನ್ನು ಬಗ್ಗಿಸಿ ಸುತ್ತು ಮಾಡಿದ, ಫೀಡ್‌ಬ್ಯಾಕ್ ಸೇರಿತು. ಇದನ್ನು ನಾವು ಎಂಎ ಮಕ್ಕಳಿಗೆ ಮೊದಲ ಸೆಮಿಸ್ಟರಿನಲ್ಲೇ ಪಾಠ ಮಾಡ್ತೀವಿ, ಎರಡು ಅಂಕದ ಪ್ರಶ್ನೆಯನ್ನೂ ಕೇಳ್ತೀವಿ. ನಮ್ಮದೇ ಪದವಿಯ ಚಿತ್ರ ಬಿಡಿಸುವಾಗ ಮಾತ್ರ ಫೀಡ್‌ಬ್ಯಾಕೂ ಇಲ್ಲ, ಗದ್ದಲವೂ ಇಲ್ಲ.

ನಾಲ್ಕನೇ ಚೌಕದ ಕಥೆ ಹೇಳ್ತೀನಿ. ನನ್ನದು ಪತ್ರಿಕಾ ವರದಿಗಳ ವಿಷಯ ವಿಶ್ಲೇಷಣೆ. ಸೆಮೆಟ್ಕೊ ಮತ್ತು ವಾಲ್ಕೆನ್‌ಬರ್ಗ್ ಎಂಬ ಸಂಶೋಧಕರು 2000ರಲ್ಲಿ ಬಳಸಿದ ಐದು ಚೌಕಟ್ಟುಗಳನ್ನೇ, ಅಂದರೆ ಸುದ್ದಿ ಹೇಳುವ ಕೋನಗಳನ್ನೇ, ನಾನೂ ಹಿಡಿದಿದ್ದೆ: ಸಂಘರ್ಷ, ಮಾನವಾಸಕ್ತಿ, ಆರ್ಥಿಕ ಪರಿಣಾಮ, ನೈತಿಕತೆ, ಹೊಣೆಗಾರಿಕೆ. ಯಾವ ವರದಿ ಯಾವ ಚೌಕಟ್ಟಿಗೆ ಅಂತ ನಾನೊಬ್ಬಳೇ ಕೋಡ್ ಮಾಡಿದರೆ ಯಾರು ನಂಬ್ತಾರೆ? ಅದಕ್ಕೇ ಅರವತ್ತು ವರದಿಗಳನ್ನು ಗೆಳತಿಗೂ ಕೊಟ್ಟೆ. ಒಂದು ವರದಿಯಲ್ಲಿ, ನೆರೆಗೆ ಕುಸಿದ ಮನೆಯ ಮೆಟ್ಟಿಲ ಮೇಲೆ ನಿಂತ ಹೆಂಗಸು ‘ಇದಕ್ಕೆ ಯಾರು ಹೊಣೆ’ ಅಂತ ಕೇಳ್ತಾಳೆ. ನಾನು ಮಾನವಾಸಕ್ತಿ ಅಂದೆ, ಅವಳು ಹೊಣೆಗಾರಿಕೆ ಅಂದಳು. ಅದೊಂದರ ಮೇಲೇ ಮುಕ್ಕಾಲು ಗಂಟೆ ಜಗಳ. ಕೊನೆಗೆ ಲೆಕ್ಕ ಹಾಕಿದರೆ, ಇಬ್ಬರ ಉತ್ತರ ಎಷ್ಟು ಹೊಂದುತ್ತದೆ ಅಂತ ಅಳೆಯುವ ಕ್ರಿಪ್ಪೆಂಡಾರ್ಫ್ ಆಲ್ಫಾ 0.61 (ಪೂರ್ತಿ ಹೊಂದಿದರೆ 1). ಆ ಅಳತೆಗೋಲು ಮಾಡಿದ ಮಹಾನುಭಾವ ಬಯಸುವುದು 0.80, ತೀರಾ ಕೆಳಗೆ ಅಂದರೆ 0.667, ಅದೂ ತೀರ್ಮಾನಗಳನ್ನು ಅಳುಕಿನಿಂದಲೇ ಹೇಳುವುದಾದರೆ.

ಒಂದು ವಿಷಯ ಈವರೆಗೆ ಯಾರಿಗೂ ಹೇಳಿಲ್ಲ. ಅವತ್ತು ರಾತ್ರಿ ಅವಳ ಶೀಟ್ ತೆರೆದು ಕೂತೆ. ಹತ್ತು ಹದಿನೈದು ಉತ್ತರ ನನ್ನದಕ್ಕೆ ಹೊಂದಿಸಿದರೆ ಸಂಖ್ಯೆ ತಾನಾಗಿ ಮೇಲೇಳುತ್ತಿತ್ತು. ಮೂರನ್ನು ಬದಲಿಸಿಯೂ ಬಿಟ್ಟೆ. ಬೆಳಿಗ್ಗೆ ಎದ್ದು ಮೂರನ್ನೂ ಮೊದಲಿದ್ದ ಹಾಗೇ ಮಾಡಿದೆ. ಗೆಳತಿಗೂ ಇದು ಗೊತ್ತಾಗುತ್ತಿರುವುದು ಈಗಲೇ. ಬೈಯೋದಿದ್ರೆ ಫೋನ್ ಮಾಡೇ, ಕಾಮೆಂಟಲ್ಲಿ ಬೇಡ.

ಆಮೇಲೆ? ಕೋಡ್‌ಬುಕ್ (ಕೋಡ್ ಮಾಡುವ ನಿಯಮಗಳ ಪಟ್ಟಿ) ತಿದ್ದಿ, ವ್ಯಾಖ್ಯೆಗಳನ್ನು ಬಿಗಿ ಮಾಡಿ, ಮತ್ತೆ ಇಬ್ಬರೂ ಕೂತು, ಎಲ್ಲ ವರದಿಗಳನ್ನೂ ಮೊದಲಿನಿಂದ. ಏಳು ತಿಂಗಳು. ಚಾರ್ಟಿನಲ್ಲಿ ಅದು ಒಂದೇ ಪದ: ‘ಸಂಗ್ರಹ’.

‘ಹೊಸಬರನ್ನು ಯಾಕಮ್ಮ ಹೆದರಿಸ್ತೀಯಾ, ಅವರಿಗೊಂದು ನಕಾಶೆ ಬೇಡವಾ?’ ಅಂತ ಹಿರಿಯರೊಬ್ಬರು ಗುಂಪಿನಲ್ಲೇ ಗದರಿದರು. ಬೇಕು ಸರ್, ಯಾರು ಬೇಡ ಅಂದವರು? ಆದರೆ ಘಾಟಿ ಇರುವ ಕಡೆ ನೆಟ್ಟನೆ ಗೆರೆ ಎಳೆದರೆ ಅದು ನಕಾಶೆಯಾ? ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಾವಳಿಯೇ ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ ಅನ್ನುತ್ತದೆ. ಮರುನೋಂದಣಿ ಮಾಡಿಸಿಕೊಂಡರೆ ಇನ್ನೂ 2 ವರ್ಷ. ಚೌಕಗಳು ಎಲ್ಲರಿಗೂ ಅವೇ. ಹಾಗಾದರೆ ಮೂರಕ್ಕೂ ಆರಕ್ಕೂ ನಡುವಿನ ಕಾಲ ಎಲ್ಲಿ ಹೋಯಿತು? ಬಾಣದಲ್ಲಿ! ಹೊಸಬರು ಹೆದರುವುದು ಕಷ್ಟ ಕೇಳಿ ಅಲ್ಲ ಸರ್. ನಾಲ್ಕರಿಂದ ಮೂರಕ್ಕೆ ವಾಪಸ್ ಬಂದ ದಿನ, ಇಡೀ ಜಗತ್ತಿನಲ್ಲಿ ತಾವೊಬ್ಬರೇ ದಡ್ಡರು ಅಂದುಕೊಂಡು ಹೆದರುತ್ತಾರೆ. ನಾನು ಹಾಗೆ ಅಂದುಕೊಂಡು ಎರಡು ತಿಂಗಳು ಗೈಡ್ ಕಣ್ಣಿಗೆ ಬೀಳದೆ ಓಡಾಡಿದ್ದೆ.

ಇನ್ನು ಆರನೇ ಬಾಣ. ಥೀಸಿಸ್ ಕೊಟ್ಟ ಮೇಲೆ ಹೊರಗಿನ ಪರೀಕ್ಷಕರಿಗೆ ಹೋಗಬೇಕು, ವರದಿ ಬರಬೇಕು, ವೈವಾ ಆಗಬೇಕು. ಇಷ್ಟೂ ಆರು ತಿಂಗಳೊಳಗೆ ಮುಗಿಯಬೇಕು ಅನ್ನುತ್ತದೆ ಅದೇ ನಿಯಮಾವಳಿ. ನನ್ನ ಸೀನಿಯರ್ ಒಬ್ಬರು ಕೊಟ್ಟು ಹನ್ನೊಂದು ತಿಂಗಳಾಯಿತು. ಹೋಯಿತೋ ಇಲ್ಲವೋ, ಹೋದರೆ ಯಾರ ಮೇಜಿನ ಮೇಲಿದೆಯೋ, ಹೇಳುವವರಿಲ್ಲ. ಸಂದೇಶ ಇದೆ, ಪ್ರೇಷಕ ಇದ್ದಾನೆ, ಗ್ರಾಹಕ ನಾಪತ್ತೆ. ಸಂವಹನ ವಿಭಾಗ ಸ್ವಾಮಿ ಇದು! ಚಾರ್ಟಿನಲ್ಲಿ ಆ ಬಾಣಕ್ಕೆ ಅರ್ಧ ಇಂಚು.

ತಡೆಯಲಾರದೆ ಗುಂಪಿನಲ್ಲಿ ಕೇಳಿಯೇಬಿಟ್ಟೆ, ‘ಹಿಂದಕ್ಕೆ ಬರೋ ಬಾಣ ಎಲ್ಲಪ್ಪಾ?’ ಅಂತ. ಚಾರ್ಟ್ ಮಾಡಿದ ಹುಡುಗ ಮೊನ್ನೆ ಮೊನ್ನೆ ಸಿನಾಪ್ಸಿಸ್ ಮುಗಿಸಿದವನು. ಐದು ನಿಮಿಷ ಬಿಟ್ಟು ಉತ್ತರ ಬಂತು:

‘ಅಕ್ಕಾ, ಟೆಂಪ್ಲೇಟಲ್ಲಿ ಅದು ಇರಲಿಲ್ಲ.’

ನಾಳೆ ಗೈಡ್ ಹತ್ತಿರ ಮೂರನೇ ಅಧ್ಯಾಯ ತಗೊಂಡು ಹೋಗಬೇಕು. ನಾಲ್ಕನೇ ಸಲ.